ಮಾವನವರ ಕಾರು ಮತ್ತು ಅದರ ಹೊಟ್ಟೆಯ ಮಡ್ಡಿ

ಧೈರ್ಯವಂತರ ಮನೆಯಲ್ಲಿ ಇಂಥವು ನಡೆಯುವುದಿಲ್ಲ. ನಡೆದರೂ ಅವರ ಗಮನಕ್ಕೆ ಬರುವುದಿಲ್ಲ. ನನ್ನಂಥ ಪುಕ್ಕಲರ ಮನೆಗೆ ಮಾತ್ರ ಹುಡುಕಿಕೊಂಡು ಬಂದು, ಚಪ್ಪಲಿ ಬಿಟ್ಟು, ಒಳಗೇ ಕೂತುಬಿಡುತ್ತವೆ. ನಾನು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವನು. ಮನೆ ನಂಜನಗೂಡಿನಲ್ಲಿ. ಯಾರಾದರೂ ಬಂದು ಹೊಸ ಬೋಲ್ಟು ಕೇಳಿದರೆ, "ಹಳೇದರಲ್ಲೇ ಇನ್ನಷ್ಟು ದಿವಸ ನೋಡಬಹುದಲ್ವಾ" ಎನ್ನುತ್ತಿದ್ದೆ. ಎಲ್ಲರೂ ಜಿಪುಣ ಅಂದುಕೊಂಡಿದ್ದರು. ಜಿಪುಣತನ ಅಲ್ಲ, ಹೆದರಿಕೆ. ಇರುವುದನ್ನು ಬಿಚ್ಚಿದರೆ ಒಳಗೆ ಇನ್ನೇನು ಕಾದಿದೆಯೋ ಎಂಬ ಹೆದರಿಕೆ.

ಇಂಥವನ ಕೈಗೆ, ತೊಂಬತ್ತರ ದಶಕದ ಕೊನೆಯಲ್ಲಿ, ತಿ. ನರಸೀಪುರದ ನಮ್ಮ ಮಾವನವರು ತಮ್ಮ ಕಾರಿನ ಕೀ ಕೊಟ್ಟರು. ಅವರು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ಡಾಕ್ಟರು ಗಾಡಿ ಓಡಿಸಬಾರದು ಎಂದಿದ್ದರು. ಕಾರು ಅವರ ಯೌವನದ ಕಾಲದ್ದು: ಬೆಣ್ಣೆ ಬಣ್ಣ, ಗುಂಡನೆಯ ಮೂತಿ. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಅದಕ್ಕೂ ನನಗೆ ಹೆದರಿಕೆಯೇ. ಮಗಳನ್ನು ಧಾರೆ ಎರೆದು ಕೊಡುವಾಗ ಒಂದು ಮಾತೂ ಆಡದಿದ್ದವರು ಕಾರಿನ ಕೀ ಕೊಡುವಾಗ ನನ್ನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು.

ವಿಷಯ ಏನೆಂದರೆ, ಕಾರು ಕೊಂಡ ಹೊಸದರಲ್ಲಿ ಸಂಗಮದ ಹತ್ತಿರ ಪೂಜೆ ಮಾಡಿಸುತ್ತಿದ್ದಾಗ ಕಣಿ ಹೇಳುವ ಹೆಂಗಸೊಬ್ಬಳು ಬಂದಳಂತೆ. ಬಾನೆಟ್ಟಿನ ಮೇಲೆ ಕೈಯಿಟ್ಟು, "ಈ ಗಾಡಿ ದಾರೀಲಿ ತಾನಾಗಿ ನಿಂತ್ಕಳಗಂಟ ನಿನ್ ಉಸುರಿಗೆ ಮೋಸ ಇಲ್ಲ ಸ್ವಾಮಿ" ಎಂದಳಂತೆ. ಮಾವನವರು ಅದನ್ನು ಹಾಗೇ ನಂಬಿ, ಊರಿಗೆಲ್ಲಾ ಹೇಳಿಕೊಂಡೂ ಬಂದಿದ್ದರು. ಕೀ ತಿರುಗಿಸಿ ನಾವು ನಿಲ್ಲಿಸಿದರೆ ಅದು ಗಾಡಿಯ ನಿದ್ದೆ, ಅದಕ್ಕೆ ತೊಂದರೆ ಇಲ್ಲ. ಆದರೆ ದಾರಿಯಲ್ಲಿ ಎಂಜಿನ್ ತಾನಾಗಿ ನಿಂತರೆ ಅಲ್ಲಿಗೆ ಅವರ ಕಥೆಯೂ ಮುಗಿಯಿತು. ಇಷ್ಟು ವರ್ಷದಲ್ಲಿ ಅದು ಒಮ್ಮೆಯೂ ದಾರಿಯಲ್ಲಿ ನಿಂತಿರಲಿಲ್ಲ, ಅವರಿಗೂ ಏನೂ ಆಗಿರಲಿಲ್ಲ.

"ನೋಡಿ ಅಳಿಯಂದಿರೇ, ಇನ್ನು ಮೇಲೆ ನನ್ನ ಪ್ರಾಣ ನಿಮ್ಮ ಶೆಡ್ಡಿನಲ್ಲಿ ನಿಂತಿರುತ್ತೆ" ಎಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ನಾನು ಆ ಕೀಯನ್ನು ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಇಳಿಸಿಕೊಂಡೆ.

೧. ಗೊಜ್ಜು

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ಆಮೇಲೊಂದು ದಿನ ಓಡಿಸುತ್ತಿದ್ದಾಗ ಮೀಟರಿನ ಪಕ್ಕದ ಕೆಂಪು ದೀಪ ಒಂದು ಸಲ ಮಿನುಗಿ ಆರಿಹೋಯಿತು. ಆಯಿಲ್ ದೀಪ. ನಾನು ನೋಡದವನ ಹಾಗೆ ಮುಖ ತಿರುಗಿಸಿದೆ. ಪಕ್ಕದಲ್ಲಿದ್ದ ಹೆಂಡತಿ ಬಿಡಬೇಕಲ್ಲ.

"ರೀ, ಏನೋ ಕೆಂಪಗೆ ಹತ್ತಿಕೊಂಡಿತು."

"ಹಬ್ಬ ಹತ್ತಿರ ಬಂತಲ್ಲ" ಎಂದೆ. ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ, ಹೆದರಿದಾಗ ನನ್ನ ಬಾಯಿಗೂ ತಲೆಗೂ ಸಂಬಂಧ ಇರುವುದಿಲ್ಲ.

ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಆಯಿಲ್ ಕಡಿಮೆಯಾಗಿರಬಹುದು, ಸ್ವಲ್ಪ ಹಾಕಪ್ಪ ಎಂದೆ. ಬಂಕಿನವನು ಎಂಜಿನ್ ಮೇಲಿನ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ಒಳಗೆ ಬಗ್ಗಿ ನೋಡಿದ. ಮತ್ತೆ ನೋಡಿದ. ಒಂದು ಕಡ್ಡಿ ಎತ್ತಿಕೊಂಡು ಒಳಗೆ ಅದ್ದಿ ಮೇಲಕ್ಕೆತ್ತಿದ. ಕಡ್ಡಿಯ ತುದಿಗೆ ಕಪ್ಪಗೆ, ಮಂದವಾಗಿ ಏನೋ ಅಂಟಿಕೊಂಡು ಬಂತು. ಅದು ತೊಟ್ಟಿಕ್ಕಲಿಲ್ಲ, ಜಾರಲೂ ಇಲ್ಲ. ವರ್ಷಾನುಗಟ್ಟಲೆ ಕಾದು ಕಾದು ಗಟ್ಟಿಯಾದ ಹಳೆಯ ಎಣ್ಣೆಯ ಮಡ್ಡಿ ಅದು.

ಕಾರಿಗೇ ಒರಗಿಕೊಂಡು, "ಆಯಿಲ್ ಎಷ್ಟು ಕಡಿಮೆ ಇದೆಯಪ್ಪ" ಎಂದೆ.

ಅವನು ಕಡ್ಡಿಯನ್ನು ನನ್ನ ಮುಖದ ಹತ್ತಿರ ತಂದು ಹೇಳಿದ: "ಸಾ, ಇದುಕ್ಕೆ ಆಯಿಲ್ ಬ್ಯಾಡ. ಅನ್ನ ಇದ್ರೆ ಕಲಸ್ಕಬೋದು."

೨. ಮುಟ್ಟಾಕಿಲ್ಲ

ನಂಜನಗೂಡಿನ ನಮ್ಮ ಮೆಕ್ಯಾನಿಕ್ಕಿನ ಗ್ಯಾರೇಜು ಊಟಿ ರಸ್ತೆಯ ಪಕ್ಕದಲ್ಲಿತ್ತು. ಅವನು ನೋಡಿದವನೇ, "ಫ್ಲಶ್ ಒಡೀಬೇಕು ಸಾ" ಎಂದ. ಅಂದರೆ ತೆಳ್ಳನೆಯ ಒಂದು ಎಣ್ಣೆಯನ್ನು ಒಳಗೆ ಹುಯ್ದು, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಕೆಳಗಿನ ಬಿರಡೆ ಬಿಚ್ಚಿಬಿಡುವುದು. ಮಡ್ಡಿಯೆಲ್ಲಾ ಕರಗಿ ಈಚೆಗೆ ಬರುತ್ತದೆ.

"ಎಲ್ಲಾ ಬರುತ್ತಾ?"

"ಬತ್ತದೆ ಸಾ. ಬರ್ದೆ ಇದ್ರೆ ಮಾತ್ರ ತೊಂದ್ರೆ. ಅರ್ಧಂಬರ್ಧ ಕರಗಿ ಒಂದು ಮಡ್ಡಿ ಎಂಟೆ ಓಗಿ ಆಯಿಲ್ ದಾರೀಲಿ ಕೂತ್ಕಂತು ಅನ್ನಿ, ಎಂಜಿನ್ ಅಲ್ಲೇ ಇಡ್ಕಂಬುಡ್ತದೆ."

"ಹಾಗಾದರೆ ಫ್ಲಶ್ ಬೇಡ."

"ಬ್ಯಾಡ ಅಂದ್ರೆ ಇವತ್ತಲ್ಲ ನಾಳೆ ಆ ಎಂಟೆ ತಾನೇ ಓಗಿ ಕೂತ್ಕತದೆ."

ಮಾಡಿಸಿದರೆ ಮಾವನವರು ಹೋಗುತ್ತಾರೆ, ಮಾಡಿಸದಿದ್ದರೂ ಹೋಗುತ್ತಾರೆ ಎಂದಾಯಿತು. ಇನ್ನೊಬ್ಬರ ಮಾತು ಕೇಳೋಣ ಎಂದು ಮುಂದಿನ ಭಾನುವಾರ ಕಾರನ್ನು ನರಸೀಪುರದ ಮೆಕ್ಯಾನಿಕ್ಕಿನ ಹತ್ತಿರ ತೆಗೆದುಕೊಂಡು ಹೋದೆ. ಮಾವನವರಿಗೆ ಗೊತ್ತಾಗದ ಹಾಗೆ ಹಿಂದಿನ ಬೀದಿಯಿಂದ.

ಅವನು ವಯಸ್ಸಾದವನು, ಸಮಾಧಾನದಿಂದ ಕೇಳಿಸಿಕೊಂಡ. "ಫ್ಲಶ್ ಗಿಶ್ ಏನೂ ಬ್ಯಾಡಿ ಸಾ. ಅಳೇ ಎಂಜಿನ್ನು. ಒಳಗೆ ಎಲ್ಲಾ ಸವದು ಸಂದು ಬುಟ್ಟಿರ್ತದೆ. ಆ ಸಂದೀಗೆಲ್ಲಾ ಈ ಮಡ್ಡಿನೇ ಮೆತ್ಕಂಡು ಕಾಪಾಡ್ತಾ ಅದೆ. ತಗುದ್ರಿ ಅಂದ್ರೆ ಆಯಿಲ್ಲೆಲ್ಲಾ ಸೋರೋಯ್ತದೆ."

"ಹಾಗಾದರೆ ಮೇಲೆ ಮೇಲೆ ಒಂದಿಷ್ಟು ಕೆರೆದುಕೊಡಿ" ಎಂದು ಕೈಮುಗಿದೆ.

ಅವನು ಸ್ಪ್ಯಾನರ್ ಕೈಗೆತ್ತಿಕೊಂಡ. ಬಾನೆಟ್ ಎತ್ತಲು ಹೋದವನು ನಂಬರ್ ಪ್ಲೇಟು ನೋಡಿ ಹಾಗೇ ನಿಂತ.

"ಸಾ, ಇದು ರೇಸ್ಮೆ ಸಾಯೇಬ್ರ ಗಾಡಿ ಅಲ್ವಾ?"

"ಹೌದು. ನಾನು ಅವರ ಅಳಿಯ."

"ಸಾಯೇಬ್ರು ಚೆನ್ನಾಗವ್ರಾ?"

"ಚೆನ್ನಾಗಿದ್ದಾರೆ."

ಸ್ಪ್ಯಾನರನ್ನು ಸದ್ದಿಲ್ಲದೆ ಕೆಳಗಿಟ್ಟು ಕೈ ಒರೆಸಿಕೊಂಡ. "ಚೆನ್ನಾಗಿರ್ಲಿ ಬುಡಿ ಸಾ. ನಾನು ರಿಪೇರಿ ಮಾಡೋನು, ಕೊಲೆ ಕೇಸ್ ಎಲ್ಲಾ ನನ್ ಕೈಲಾಗಕಿಲ್ಲ."

೩. ಕವಲಂದೆಯ ಕಾರು

ಕಾರ್ಖಾನೆಯಲ್ಲಿ ಈ ಸಂಕಟ ಹೇಳಿಕೊಂಡಾಗ ಒಬ್ಬರು ಕವಲಂದೆಯಲ್ಲಿ ತಮ್ಮ ನೆಂಟರೊಬ್ಬರು ಇದ್ದಾರೆ, ಅವರ ಹತ್ತಿರವೂ ಇಂಥದೇ ಹಳೇ ಕಾರಿದೆ, ಫ್ಲಶ್ ಮಾಡಿಸಿದ್ದಾರೆ, ಹೋಗಿ ಕೇಳಿ ಎಂದರು. ಜೀವ ಬಂದಂತಾಯಿತು. ಅನುಭವಸ್ಥರ ಮಾತಿಗಿಂತ ಇನ್ನೇನು ಬೇಕು. ಬಸ್ಸು ಹತ್ತಿ ಹೋದೆ. ಕಾರಿನಲ್ಲಿ ಹೋಗಲು ಹೆದರಿಕೆ.

ಅವರು ಅರಿಶಿನದ ವ್ಯಾಪಾರ ಮಾಡುವ ಯಜಮಾನರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ತರಿಸಿಕೊಟ್ಟು, "ಅನುಮಾನನೇ ಬ್ಯಾಡಿ, ಮಾಡ್ಸಿ" ಎಂದರು. "ನಾನು ಸೀಮೆಎಣ್ಣೆ ಉಯ್ಸಿ ತೊಳಿಸ್ದೆ. ಏನು ಕಪ್ಪು, ಏನು ಕಪ್ಪು ಅಂತೀರಿ. ತಿಪ್ಪೆ ತುಂಬೋಯ್ತು."

"ಆಮೇಲೆ ಆಯಿಲ್ ಸೋರಲಿಲ್ವಾ?"

"ತೊಟ್ಟು ಸೋರಿಲ್ಲ."

"ಹೊಗೆ?"

"ಒಗೆ ಅನ್ನಾದ್ನೇ ಕಂಡಿಲ್ಲ."

"ಸದ್ದು ಗಿದ್ದು?"

"ಪಕ್ಕದಲ್ಲಿ ಮಗ ಮನಗಿದ್ರೂ ಎಚ್ರ ಆಗಕಿಲ್ಲ, ಅಂಗದೆ."

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ದಿನ ಸುಮ್ಮನೆ ಹೆದರಿ ಸತ್ತೆನಲ್ಲ ಎಂದು ನನ್ನ ಮೇಲೆ ನನಗೇ ಕೋಪ ಬಂತು. ಮಜ್ಜಿಗೆ ಮುಗಿಸಿ, ಒಂದು ಸಲ ಗಾಡಿ ನೋಡಬಹುದೇ ಎಂದು ಕೇಳಿದೆ. ಅದಕ್ಕೇನಂತೆ ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಹಿತ್ತಲಲ್ಲಿ ಹುಣಸೆಮರದ ಕೆಳಗೆ ಕಾರು ನಿಂತಿತ್ತು. ಚಕ್ರ ಅರ್ಧ ಮಣ್ಣಲ್ಲಿ ಹೂತಿತ್ತು. ಕಿಟಕಿಯೊಳಗಿನಿಂದ ಸೋರೆಬಳ್ಳಿ ಈಚೆಗೆ ಬಂದು ಚಾವಣಿಯ ಮೇಲೆ ಹಬ್ಬಿ, ಒಂದು ಕಾಯಿ ಕನ್ನಡಿಗೆ ತಗುಲಿಕೊಂಡು ತೂಗುತ್ತಿತ್ತು. ಯಜಮಾನರು ಬಾನೆಟ್ ಎತ್ತಿದರು. ಒಳಗೆ ಕಾವು ಕೂತಿದ್ದ ಕೋಳಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿತು.

"ಇದು... ಓಡೋದು ಯಾವಾಗ ನಿಂತಿತು?" ಎಂದೆ.

"ತೊಳಿಸಿದ್ ದಿವ್ಸಾನೇ" ಎಂದರು ಅವರು ಅಭಿಮಾನದಿಂದ ಬಾನೆಟ್ ಸವರುತ್ತಾ. "ಅಲ್ಲಿಂದ ಇವತ್ತಿನಗಂಟ ಒಂದು ರಿಪೇರಿ ಅಂತ ಬಂದಿಲ್ಲ ನೋಡಿ."

೪. ಹರಳೆಣ್ಣೆ

ಈಗ ಮಾವನವರ ಬಾಯಿಂದಲೇ ಒಂದು ಮಾತು ತೆಗೆಯಬೇಕು ಎನಿಸಿತು. ನೇರವಾಗಿ ಕೇಳುವ ಧೈರ್ಯ ನನಗೆಲ್ಲಿ. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಸುತ್ತಿ ಬಳಸಿ, "ಯಾರದೋ ಒಂದು ಹಳೇ ಗಾಡಿ ಮಾವ, ನಮ್ಮದಲ್ಲ, ಅದರ ಎಂಜಿನ್ನಿನಲ್ಲಿ ಮಡ್ಡಿ ಕಟ್ಟಿದೆಯಂತೆ" ಎಂದೆ.

ಮಾವನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನನ್ನನ್ನು ದಿಟ್ಟಿಸಿ ನೋಡಿದರು. ಪೊರೆ ತೆಗೆದ ಮೇಲೆ ಅವರ ನೋಟ ಬಹಳ ತೀಕ್ಷ್ಣವಾಗಿತ್ತು.

"ಅಳಿಯಂದಿರೇ, ನೀವಿರೋದು ಯಾವ ಊರಲ್ಲಿ?"

"ನಂಜನಗೂಡಿನಲ್ಲಿ ಮಾವ."

"ನಿಮ್ಮೂರ ಸ್ವಾಮಿ ವಿಷ ಕುಡಿದಾಗ ಏನು ಮಾಡಿದ? ಒಳಕ್ಕೆ ನುಂಗಿದನೋ? ಈಚೆಗೆ ಉಗಿದನೋ? ಎರಡೂ ಇಲ್ಲ. ಎಲ್ಲಿತ್ತೋ ಅಲ್ಲೇ ಇಟ್ಟುಕೊಂಡ. ಲೋಕ ಉಳೀತು. ಆ ಗಾಡಿಯವರಿಗೂ ಹಾಗೇ ಹೇಳಿ. ಎಲ್ಲಿದೆಯೋ ಅಲ್ಲಿರಲಿ."

ಅಬ್ಬಾ, ತೀರ್ಮಾನ ಆಯಿತಲ್ಲ ಎಂದು ನಾನು ಅನ್ನಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಸಾರಿನ ಸೌಟು ಹಿಡಿದು ನಿಂತಿದ್ದ ನಮ್ಮತ್ತೆ ಬಾಯಿ ತೆಗೆದರು. ಅವರು ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ತಪ್ಪದೆ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಸಿದವರು. ನನ್ನ ಹೆಂಡತಿಗೆ ಈಗಲೂ ಆ ಲೋಟ ಕಂಡರೆ ಅಳು ಬರುತ್ತದೆ.

"ಶಿವನಿಗೇನು ಬಿಡಿ, ಪಾರ್ವತಿ ಗಂಟಲು ಹಿಡ್ಕೊಂಡು ಕೂತಿದ್ಲು. ಆ ಗಾಡಿ ಗಂಟಲು ಹಿಡ್ಕೊಂಡು ಯಾರು ಕೂರ್ತಾರೆ? ಹೊಟ್ಟೇಲಿ ಕಲ್ಮಶ ಇಟ್ಕೊಂಡು ಯಾವುದೂ ಬಹಳ ದಿನ ಬಾಳಲ್ಲ. ತೊಳೀಬೇಕು."

"ನಿನಗೇನು ಗೊತ್ತೇ ಎಂಜಿನ್ ವಿಚಾರ?"

"ಎಂಜಿನ್ ವಿಚಾರ ಗೊತ್ತಿಲ್ಲ. ಕೂತಲ್ಲಿಂದ ಏಳದೆ ಗೊರಗೊರ ಅನ್ನೋದ್ರ ವಿಚಾರ ಗೊತ್ತು. ಇಷ್ಟು ವರ್ಷ ಒಂದರ ಜೊತೆ ಸಂಸಾರ ಮಾಡಿಲ್ವೇ."

ಮಾವನವರು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಅತ್ತೆ ನನ್ನ ಎಲೆಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ನಮ್ಮ ಗಾಡಿ ತಾನೇ? ಮಾಡಿಸಿ. ಅವರಿಗೆ ಹೇಳಬೇಡಿ. ಹರಳೆಣ್ಣೇನೂ ನಾನು ಯಾವತ್ತೂ ಹೇಳಿ ಕುಡಿಸಿದವಳಲ್ಲ."

೫. ಎಡಗಾಲು

ಅತ್ತೆ ಹೇಳಿದರೂ ನನಗೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಒಂದು ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನಾನು ಶೆಡ್ಡಿಗೆ ಹೋಗಿ ಕಾರು ಸ್ಟಾರ್ಟ್ ಮಾಡಬೇಕು. ಟಕಟಕಟಕ ಎಂದು ಅದು ತನ್ನ ಮಾಮೂಲಿ ಸದ್ದು ಹೊರಡಿಸಬೇಕು. ಆ ಸದ್ದು ಅಡುಗೆಮನೆಗೆ ಕೇಳಿಸಿದ ಮೇಲೆಯೇ ನನ್ನ ಹೆಂಡತಿ ಕಾಫಿಗೆ ನೀರಿಡುತ್ತಿದ್ದಳು. ಅಪ್ಪ ಚೆನ್ನಾಗಿದ್ದಾರೆ ಎಂದು ಅವಳಿಗೆ ಸಮಾಧಾನ. ಫೋನಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ 'ಕಿಟ್' ಎಂದಿತು. ಇನ್ನೊಂದು ಸಲ ತಿರುಗಿಸಿದೆ. ಕಿಟ್. ಬ್ಯಾಟರಿ ಮುದಿಯಾಗಿ, ಹತ್ತಿದರೆ ಹತ್ತೀತು ಇಲ್ಲದಿದ್ದರೆ ಇಲ್ಲ ಎನ್ನುವಂತಾಗಿತ್ತು, ಅಷ್ಟೆ. ಆದರೆ ಹಿಂದೆ ತಿರುಗಿದರೆ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ.

"ನಿದ್ದೆಯಿಂದ ಎದ್ದಿಲ್ಲ ಅಷ್ಟೆ ಕಣೇ. ದಾರೀಲಿ ನಿಂತಿಲ್ವಲ್ಲ" ಎಂದೆ.

"ಅಪ್ಪನೂ ಹಾಗೇ ನಿದ್ದೇಲೇ..." ಎಂದು ಅವಳು ಅಳಲು ಶುರು ಮಾಡಿದಳು.

ಆ ಹೊತ್ತಿಗೆ ಸರಿಯಾಗಿ ಒಳಗೆ ಫೋನು ಹೊಡೆದುಕೊಳ್ಳಲಾರಂಭಿಸಿತು. ಅಷ್ಟು ಬೆಳಿಗ್ಗೆ ನಮ್ಮ ಮನೆಗೆ ಯಾರೂ ಫೋನು ಮಾಡುವವರಲ್ಲ. ಇಬ್ಬರೂ ಹೋಗಿ ಫೋನಿನ ಮುಂದೆ ನಿಂತೆವು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಕೊನೆಗೆ ನಾನೇ ಕಣ್ಣು ಮುಚ್ಚಿಕೊಂಡು ಎತ್ತಿದೆ.

"ಅಳಿಯಂದಿರೇ" ಎಂದು ಮಾವನವರ ಧ್ವನಿ. ನಾನು ಅಲ್ಲೇ ಕುರ್ಚಿಯ ಮೇಲೆ ಕುಸಿದೆ. "ಎದ್ದಾಗಿಂದ ನನ್ನ ಎಡಗಾಲು ಜೋಮು ಹಿಡಿದಿದೆ. ಯಾವುದಕ್ಕೂ ಗಾಡಿಯ ಎಡಗಡೆ ಟೈರು ಒಂದು ಸಲ ನೋಡಿ."

ಹೆದರಿಕೊಂಡು ಹೋಗಿ ನೋಡಿದೆ. ಹಿಂದಿನ ಎಡಗಡೆ ಟೈರಿನಲ್ಲಿ ಗಾಳಿ ಅರ್ಧಕ್ಕರ್ಧ ಇಳಿದುಹೋಗಿತ್ತು.

ಬೇರೆಯವರಾಗಿದ್ದರೆ ಕಾಕತಾಳೀಯ ಎನ್ನುತ್ತಿದ್ದರು. ನಾನು ಸೈಕಲ್ಲಿನ ಪಂಪು ತಂದು ಉಸಿರು ಕಟ್ಟಿಕೊಂಡು ಗಾಳಿ ಹೊಡೆದೆ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಫೋನು. "ಈಗ ಎಷ್ಟೋ ವಾಸಿ" ಎಂದರು ಮಾವನವರು. "ಇನ್ನೊಂಚೂರು ಹೊಡೀರಿ."

೬. ಹೂವು

ಇಷ್ಟಾಗುವಾಗ ಕಾರ್ತಿಕ ಮಾಸ ಬಂತು. ಪ್ರತಿ ವರ್ಷ ಕಾರ್ತಿಕದ ಕೊನೆಯ ಸೋಮವಾರ ಮಾವನವರು ಅತ್ತೆಯ ಜೊತೆ ಅದೇ ಕಾರಿನಲ್ಲಿ ನಂಜನಗೂಡಿಗೆ ಸ್ವಾಮಿ ದರ್ಶನಕ್ಕೆ ಬರುವುದು ಪದ್ಧತಿ. ಕೆಂಪು ದೀಪ ಈಗ ಮಿನುಗಿ ಆರುತ್ತಿರಲಿಲ್ಲ, ಹತ್ತಿಕೊಂಡೇ ಇರುತ್ತಿತ್ತು. ಅವರನ್ನು ಕೂರಿಸಿಕೊಂಡು ಬರುವಾಗ ದಾರಿಯಲ್ಲೇನಾದರೂ ನಿಂತರೆ? ರಾತ್ರಿಯೆಲ್ಲಾ ಇದೇ ಯೋಚನೆ. ಅನ್ನ ಸೇರುತ್ತಿರಲಿಲ್ಲ. ಅವರು ಹೋಗುವ ಮೊದಲು ನಾನೇ ಹೋಗಿಬಿಡುತ್ತೇನೆ ಎನಿಸಿತ್ತು.

"ಹೂವು ಕೇಳೋಣ" ಎಂದಳು ಹೆಂಡತಿ.

ನಮ್ಮ ಕಡೆ ದಾರಿ ತೋಚದಿದ್ದಾಗ ದೇವರಿಗೆ ಹೂವು ಮುಡಿಸಿ ಕೇಳುತ್ತೇವೆ. ಬಲಗಡೆ ಬಿದ್ದರೆ ಮಾಡು, ಎಡಗಡೆ ಬಿದ್ದರೆ ಬೇಡ. ಅವಳು ದೇವರ ಮನೆಯಿಂದ ನಂಜುಂಡೇಶ್ವರನ ಪಟ ತೆಗೆದುಕೊಂಡಳು. ಊಟಿ ರಸ್ತೆಯ ಗ್ಯಾರೇಜಿಗೆ ಹೋದೆವು. ಅಲ್ಲಿನ ಗೋಡೆಯ ಮೇಲೆ ದೇವರ ಪಟ ಇದೆಯಲ್ಲ ಎಂದರೆ, "ಗ್ಯಾರೇಜಿನ ದೇವರಿಗೆ ನಮ್ಮಪ್ಪನ ವಿಷಯ ಏನು ಗೊತ್ತು" ಎಂದಳು. ಮೆಕ್ಯಾನಿಕ್ಕಿಗೂ ಈ ಏರ್ಪಾಡು ಇಷ್ಟವಾಯಿತು. ಹೆಚ್ಚು ಕಡಿಮೆಯಾದರೆ ಜವಾಬ್ದಾರಿ ತನ್ನದಲ್ಲ.

ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿಗೆ ಒರಗಿಸಿ ಪಟ ಇಟ್ಟೆವು. ಹೆಂಡತಿ ಒಂದು ನಂದಿಬಟ್ಟಲ ಹೂವನ್ನು ನೀರಲ್ಲಿ ಅದ್ದಿ ಸ್ವಾಮಿಯ ಹಣೆಗೆ ಅಂಟಿಸಿದಳು. ಮೂವರೂ ಕೈಮುಗಿದು ನಿಂತೆವು. ಆಗ ಮೆಕ್ಯಾನಿಕ್ಕಿಗೆ ಅನುಮಾನ ಬಂತು.

"ಅವ್ವಾ, ಬಲಗಡೆ ಅಂದ್ರೆ ದ್ಯಾವ್ರ ಬಲವಾ, ನಮ್ ಬಲವಾ?"

"ದೇವರದು" ಎಂದಳು ಹೆಂಡತಿ.

"ಡ್ರೈವರ್ ಕಡೆ ಅನ್ಕಳನ ಬುಡಿ, ಅದು ಬದಲಾಗಕಿಲ್ಲ" ಎಂದ ಅವನು. ಇದನ್ನು ಇತ್ಯರ್ಥ ಮಾಡುವಷ್ಟರಲ್ಲಿ ರಸ್ತೆಯಲ್ಲಿ ಲೋಡು ತುಂಬಿದ ಲಾರಿಯೊಂದು ನೆಲ ಅದುರಿಸಿಕೊಂಡು ಹೋಯಿತು. ಹೂವು ಅಲುಗಿತು. ಎಡಕ್ಕೆ ಬೀಳಲಿಲ್ಲ, ಬಲಕ್ಕೆ ಬೀಳಲಿಲ್ಲ. ಮುಂದಕ್ಕೆ ಬಿತ್ತು. ಎಂಜಿನ್ನಿನ ಮೇಲೆ ಒಂದು ಸಲ ಪುಟಿಯಿತು. ಮೆಕ್ಯಾನಿಕ್ಕು ಆಗಷ್ಟೇ ಇಣುಕಿ ನೋಡಿ, ಮುಚ್ಚಳ ಹಾಕದೆ ಬಿಟ್ಟಿದ್ದ ಆಯಿಲ್ ತೂತಿನೊಳಕ್ಕೆ ಹೋಗಿ ಮಾಯವಾಯಿತು.

ಮೂವರೂ ಮುಂದಕ್ಕೆ ಬಗ್ಗಿದೆವು.

"ಸಾ" ಎಂದ ಮೆಕ್ಯಾನಿಕ್ಕು, ತೂತನ್ನೇ ನೋಡುತ್ತಾ, "ಇದುಕ್ಕೇನ್ ಅರ್ತ?"

"ಅರ್ಥ ಆಮೇಲೆ" ಎಂದಳು ಹೆಂಡತಿ. "ದೇವರ ಹೂವು ಹೊಲಸಲ್ಲಿ ಬಿದ್ದಿದೆ. ಮೊದಲು ತೆಗೀರಿ."

ಹೂವು ತೆಗೆಯಬೇಕಾದರೆ ಎಂಜಿನ್ ಮೇಲಿನ ತಗಡಿನ ಮುಚ್ಚಳ ಪೂರ್ತಿ ಬಿಚ್ಚಲೇಬೇಕು. ಇಷ್ಟು ತಿಂಗಳು ಬಿಚ್ಚುವುದೋ ಬೇಡವೋ ಎಂದು ನಾನು ಪ್ರಾಣ ಬಿಟ್ಟಿದ್ದೆ. ಈಗ ಕೇಳುವವರೇ ಇಲ್ಲ. ಮೆಕ್ಯಾನಿಕ್ಕು ಬೋಲ್ಟು ಬಿಚ್ಚಿ, ವಿಭೂತಿ ಹಚ್ಚಿಕೊಂಡು ಮುಚ್ಚಳ ಎತ್ತಿದ. ಒಳಗೆಲ್ಲಾ ಕರ್ರಗೆ ಮಂದವಾದ ಮಡ್ಡಿ. ಅದರ ನಟ್ಟನಡುವೆ ನಮ್ಮ ಹೂವು ದಳ ಬಿಚ್ಚಿಕೊಂಡು, ಮುಳುಗದೆ, ಬೆಳ್ಳಗೆ ಕೂತಿತ್ತು. ಮೆಕ್ಯಾನಿಕ್ಕು ಎರಡೂ ಕೆನ್ನೆಗೆ ಬಡಿದುಕೊಂಡ.

"ಇನ್ನು ಫ್ಲಶ್ ಉಯ್ಯಕ್ಕೆ ನನ್ ಕೈ ಬರಕಿಲ್ಲ ಸಾ. ಸ್ವಾಮಿ ಕೂತಿದ್ ಜಾಗ. ಕೈಯಲ್ಲೇ ಎತ್ತನ."

ಹಾಗೆ ನಮ್ಮ ಕಾರಿಗೆ ಫ್ಲಶ್ ಆಗಲೂ ಇಲ್ಲ, ಆಗದೇ ಇರಲೂ ಇಲ್ಲ. ಅವನು ಚಮಚ ತೆಗೆದುಕೊಂಡು ಮೇಲಿನಿಂದ ಮಡ್ಡಿ ಬಾಚಿದ, ಕೆಳಗಿನ ಆಯಿಲ್ ತಟ್ಟೆ ಇಳಿಸಿ ಅದನ್ನೂ ಬಾಚಿದ, ಬಟ್ಟೆಯಲ್ಲಿ ಒರೆಸಿದ, ಹೇಗೂ ಬಿಚ್ಚಿದ್ದೀನಲ್ಲ ಎಂದು ಟಕಟಕ ಎನ್ನುತ್ತಿದ್ದ ಟ್ಯಾಪೆಟ್ಟುಗಳನ್ನೂ ಬಿಗಿ ಮಾಡಿದ. ಹೊಸ ಆಯಿಲ್ ಹಾಕಿ, ಬೇಗ ಬೇಗ ಬದಲಾಯಿಸುತ್ತಿರಿ ಎಂದ. ಸ್ಟಾರ್ಟ್ ಮಾಡಿದರೆ ಕೆಂಪು ದೀಪ ಆರಿಹೋಯಿತು. ನಾನು ಗ್ಯಾರೇಜಿನ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಬಾಚಿದ ಮಡ್ಡಿಯನ್ನು ತುಳಿಯುವ ಕಡೆ ಚೆಲ್ಲಬಾರದು ಎಂದು ಹೆಂಡತಿ ಹೇಳಿದ್ದಳು. ಮೆಕ್ಯಾನಿಕ್ಕು ಒಂದು ಡಬ್ಬಕ್ಕೆ ತುಂಬಿ ಗೋಡೆಯ ಪಟದ ಕೆಳಗೆ ಇಟ್ಟಿದ್ದ. ಮುಂದೆ ಯಾವಾಗಲೋ ಆಯಿಲ್ ಬದಲಾಯಿಸಲು ಹೋದಾಗ ನೋಡಿದೆ. ಡಬ್ಬಕ್ಕೆ ವಿಭೂತಿ ಬಳಿದಿತ್ತು, ಮುಂದೆ ಊದುಬತ್ತಿ ಉರಿಯುತ್ತಿತ್ತು, ಒಬ್ಬ ಲಾರಿ ಡ್ರೈವರು ತನ್ನ ಎಂಜಿನ್ ಬಿಚ್ಚಿಸುವ ಮೊದಲು ಅದಕ್ಕೆ ಅಡ್ಡಬೀಳುತ್ತಿದ್ದ.

೭. ನಿಂತಿದ್ದು

ಕಾರ್ತಿಕದ ಕೊನೆಯ ಸೋಮವಾರ ನಾನೂ ಹೆಂಡತಿಯೂ ನರಸೀಪುರಕ್ಕೆ ಹೋಗಿ ಅತ್ತೆ ಮಾವನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಗಾಡಿ ಬಿಚ್ಚಿದ ವಿಷಯ ಮಾವನವರಿಗೆ ಯಾರೂ ಹೇಳಿರಲಿಲ್ಲ. ಅತ್ತೆಗೆ ಮಾತ್ರ ಗೊತ್ತಿತ್ತು. ಅವರು ಊರು ದಾಟುವ ಮೊದಲೇ ಕಣ್ಣು ಮುಚ್ಚಿ ನಿದ್ದೆಗೆ ಇಳಿದರು.

ಊರಾಚೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡವಾಗಿ ತಿರುಗಿಸಿಕೊಳ್ಳುತ್ತಿತ್ತು. ನಾನು ಕ್ಲಚ್ ಒತ್ತಿ ಹಿಡಿದು ನಿಲ್ಲಿಸಿದೆ. ಎಂಜಿನ್ ಓಡುತ್ತಲೇ ಇತ್ತು. ಮುಂಚೆಯಾಗಿದ್ದರೆ ಹೀಗೆ ನಿಂತಾಗ ಟಕಟಕ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಈಗ ಒಂದು ಚೂರೂ ಸದ್ದಿಲ್ಲ. ಗದ್ದೆಯ ಕಡೆ ಹಕ್ಕಿ ಕೂಗುವುದು ಸಹ ಕೇಳಿಸುತ್ತಿತ್ತು.

ನನಗೆ ಒಂದು ರೀತಿ ಹೆಮ್ಮೆಯೇ ಆಯಿತು. ಮಾವನವರಿಗೆ ಹೇಗೆನಿಸಿದೆಯೋ ನೋಡೋಣ ಎಂದು ಕನ್ನಡಿಯಲ್ಲಿ ಕಣ್ಣು ಹಾಯಿಸಿದೆ. ನನ್ನ ಜೀವ ಬಾಯಿಗೆ ಬಂತು.

ಮಾವನವರು ನೆಟ್ಟಗೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಒಂದು ಕೈ ಎದೆಯ ಮೇಲೆ. ಮುಖದಲ್ಲಿ ರಕ್ತವೇ ಇಲ್ಲ. ಹೆಂಡತಿಗೂ ಕಾಣಿಸಿತೋ ಏನೋ, ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಳು. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಇಬ್ಬರಿಗೂ ಇಲ್ಲ. ಎಲ್ಲಾ ಸರಿಹೋಯಿತು ಅಂದುಕೊಂಡ ಹೊತ್ತಿನಲ್ಲೇ ಹೀಗಾಯಿತಲ್ಲ, ನಾನೇ ಬಿಚ್ಚಿಸಿ ನಾನೇ ಕೊಂದೆನಲ್ಲ ಎಂದುಕೊಂಡೆ.

ಆಗ ಹಿಂದಿನಿಂದ ಮೆಲ್ಲಗೆ ಒಂದು ಸ್ವರ ಬಂತು.

"ಅಳಿಯಂದಿರೇ. ನಿಜ ಹೇಳಿ. ನಿಂತಿದ್ದು ಗಾಡಿಯೋ, ನಾನೋ?"

ಆ ಸ್ವರಕ್ಕೆ ಬೆಚ್ಚಿಬಿದ್ದು ನಾನು ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟೆ. ಕಾರು ಒಂದು ಸಲ ಮುಂದಕ್ಕೆ ಮುಗ್ಗರಿಸಿ, ಕೆಮ್ಮಿ, ನಿಂತೇಹೋಯಿತು. ನಟ್ಟನಡು ದಾರಿಯಲ್ಲಿ. ಯಾರೂ ಕೀ ಮುಟ್ಟಿರಲಿಲ್ಲ. ಕೀ ತಿರುಗಿಸಿದೆ. ಕಿಟ್ ಎಂದಿತು. ಹಾಳಾದ ಬ್ಯಾಟರಿಯನ್ನು ಬದಲಾಯಿಸಿಯೇ ಇರಲಿಲ್ಲ. ಇನ್ನೊಂದು ಸಲ. ಕಿಟ್.

ಈಗ ನಿಜವಾಗಿಯೂ ಸದ್ದಿಲ್ಲ. ಹೆಂಡತಿ ಉಸಿರಾಡುತ್ತಿಲ್ಲ. ನಾನಂತೂ ಯಾವಾಗಲೋ ನಿಲ್ಲಿಸಿದ್ದೆ. ಟ್ರ್ಯಾಕ್ಟರು ಹೊರಟುಹೋಗಿ ರಸ್ತೆ ಖಾಲಿಯಾಗಿತ್ತು. ಹಿಂದಿನ ಸೀಟಿನಿಂದ ಸ್ವರ ಇಲ್ಲ, ಅಲುಗಾಟ ಇಲ್ಲ. ಕನ್ನಡಿಯಲ್ಲಿ ಮಾವನವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಅವರು ಕಾಯುತ್ತಿದ್ದರು. ನಾವೆಲ್ಲರೂ ಕಾಯುತ್ತಿದ್ದೆವು.

ಅತ್ತೆ ಒಂದು ಕಣ್ಣು ಬಿಟ್ಟರು. ಮುಂದೆ ನೋಡಿದರು, ಆಚೀಚೆ ನೋಡಿದರು, ಗಾಡಿ ನಿಂತಿದ್ದು ಗೊತ್ತಾಯಿತು. ಪಕ್ಕಕ್ಕೆ ತಿರುಗಿ ಮೊಣಕೈಯಿಂದ ಮಾವನವರ ಪಕ್ಕೆಗೆ ತಿವಿದರು.

"ರೀ, ಇದ್ದೀರಾ?"

ಎದೆಯ ಮೇಲಿನ ಕೈಯನ್ನು ಒತ್ತಿ ನೋಡಿಕೊಂಡು, ತಮಗೇ ನಂಬಿಕೆ ಇಲ್ಲದವರ ಹಾಗೆ, ಮಾವನವರು ಹೇಳಿದರು: "ಇದ್ದೀನಿ ಕಣೇ."

"ಹಾಗಾದರೆ ಇಳಿದು ತಳ್ಳಿ" ಎಂದು ಅತ್ತೆ ಮತ್ತೆ ಕಣ್ಣು ಮುಚ್ಚಿಕೊಂಡರು.